ಠುಸ್ ಎಂದ ಪಿಸ್ತೂಲು!

ಬಹಳ ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಒಂದು ಸ್ಟುಡಿಯೋ. ಸೆಟ್ಟಿನಲ್ಲಿ ಖಳನಾಯಕನ ಅಡ್ಡೆ. ಮರದ ಪೆಟ್ಟಿಗೆಗಳು, ಡ್ರಮ್ಮುಗಳು, ಕೆಂಪು ದೀಪ... ನಿಮಗೆ ಗೊತ್ತೇ ಇದೆಯಲ್ಲ! ನಿರ್ದೇಶಕರು "ಆಕ್ಷನ್" ಅಂದರು. ನಾಯಕರು ಪಿಸ್ತೂಲು ಎತ್ತಿ, ಹುಬ್ಬು ಗಂಟಿಕ್ಕಿ, ಟ್ರಿಗರ್ ಎಳೆದರು.

ಠುಸ್!

ಸದ್ದಿಲ್ಲ, ಹೊಗೆಯಿಲ್ಲ. ಆದರೆ ಎದುರಿಗಿದ್ದ ಫೈಟರ್ ಮಾತ್ರ ಎದೆ ಹಿಡಿದುಕೊಂಡು ಒಂದು ಪಲ್ಟಿ ಹೊಡೆದು ಪೆಟ್ಟಿಗೆಗಳ ಮೇಲೆ ಬಿದ್ದು 'ಪ್ರಾಣಬಿಟ್ಟ'! ಸೆಟ್ಟಿಗೆ ಸೆಟ್ಟೇ ಗೊಳ್ಳೆಂದು ನಕ್ಕಿತು. "ಗುಂಡೇ ಹಾರಿಲ್ವಲ್ಲಯ್ಯಾ, ಯಾಕಪ್ಪಾ ಸತ್ತೆ?" ಅಂತ ನಿರ್ದೇಶಕರು ಕೇಳಿದರೆ, ಆತ ಮಲಗಿದ್ದಲ್ಲಿಂದಲೇ, "ಸೌಂಡು ಆಮೇಲೆ ಹಾಕ್ಕೋತೀರಲ್ಲ ಸಾರ್!" ಅಂದ.

ಆ ಫೈಟರ್ ಕಥೆ ಇನ್ನೂ ಇದೆ, ಕೊನೆಗೆ ಹೇಳ್ತೀನಿ. ಈಗ ಆ 'ಠುಸ್' ಸದ್ದಿನ ಕಥೆ ಕೇಳಿ. ನಮ್ಮ ಸಿನಿಮಾದಲ್ಲಿ ಅದು ನಗೆಪಾಟಲು. ಆದರೆ ಒಂದು ಕಾಲದಲ್ಲಿ ಮರ್ಯಾದಸ್ಥರ ಸಾವು ಬದುಕು ಅದರ ಮೇಲೆ ನಿಂತಿತ್ತು ಅಂದರೆ ನಂಬುತ್ತೀರಾ?

ದ್ವಂದ್ವ ಅನ್ನೋದು ನಮಗೇನೂ ಹೊಸದಲ್ಲ. ಭೀಮ-ದುರ್ಯೋಧನರ ಗದಾಯುದ್ಧ ಕೇಳಿಯೇ ಬೆಳೆದವರು ನಾವು. ಸೊಂಟದ ಕೆಳಗೆ ಹೊಡೆಯಬಾರದೆಂಬ ನಿಯಮ ಮುರಿದದ್ದಕ್ಕೆ ಬಲರಾಮನಿಗೆ ಬಂದ ಸಿಟ್ಟೂ ಗೊತ್ತು. 1960ರ 'ರಣಧೀರ ಕಂಠೀರವ' ನೋಡಿದವರಿಗೆ ತಿರುಚಿನಾಪಳ್ಳಿಗೆ ವೇಷ ಮರೆಸಿ ಹೋಗಿ ಜಟ್ಟಿಯನ್ನು ಕೆಡವಿದ ಮೈಸೂರರಸನ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಯುರೋಪಿನ ಡ್ಯುಯೆಲ್ ಬೇರೆ ಜಾತಿ. ರಾಜ್ಯಕ್ಕಲ್ಲ, ಹೆಣ್ಣಿಗೂ ಎಲ್ಲಾ ಸಲ ಅಲ್ಲ. "ನೀನು ಸುಳ್ಳುಗಾರ" ಅಂತ ಒಬ್ಬ ಅಂದರೆ ಸಾಕು, ಬೆಳಗಿನ ಜಾವ ಊರಾಚೆ ಬಯಲಲ್ಲಿ ಇಬ್ಬರೂ ಹಾಜರು! ಮೊದಮೊದಲು ಕತ್ತಿ ಹಿಡಿದು, ಆಮೇಲೆ ಪಿಸ್ತೂಲು ಹಿಡಿದು. ಕತ್ತಿಗಾದರೆ ವರ್ಷಗಟ್ಟಲೆ ಸಾಧನೆ ಬೇಕು. ಪಿಸ್ತೂಲಿಗೆ? ಬೆರಳೊಂದಿದ್ದರೆ ಸಾಕು. ಮುದುಕನೂ ತರುಣನೂ ಸರಿಸಮ.

ಕಿಡಿ ಹಾರಿದರೆ ಉಂಟು...

ಆದರೆ ಆ ಪಿಸ್ತೂಲು ನಮ್ಮ ಸಿ.ಐ.ಡಿ. 999 ಕೈಯಲ್ಲಿದ್ದಂಥದ್ದಲ್ಲ ಸ್ವಾಮಿ! ಮೊದಲಿದ್ದದ್ದು ಬತ್ತಿಯ ಕೋವಿ. ಉರಿಯುವ ಬತ್ತಿಯನ್ನು ಜೊತೆಗೇ ಇಟ್ಟುಕೊಂಡು ಓಡಾಡಬೇಕು. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಪಂಚೆಗೇ ಬೆಂಕಿ. 16ನೇ ಶತಮಾನದಲ್ಲಿ ಗಡಿಯಾರದ ಹಾಗೆ ಕೀಲಿ ಕೊಟ್ಟು, ಚಕ್ರ ತಿರುಗಿಸಿ ಕಿಡಿ ಹಾರಿಸುವ ಉಪಾಯ ಬಂತು. ಆಮೇಲೇ ಒಂಟಿ ಕೈಯಲ್ಲಿ ಹಿಡಿಯುವ ಪಿಸ್ತೂಲಿಗೆ ಕಾಲ ಕೂಡಿಬಂದದ್ದು. 17ನೇ ಶತಮಾನದ ಹೊತ್ತಿಗೆ ಅದಕ್ಕಿಂತ ಸರಳವಾದ ಚಕಮಕಿ ಕಲ್ಲಿನ ಪಿಸ್ತೂಲು ಬಂತು.

ಅದರ ಕೆಲಸ ನೋಡಿ. ನಳಿಗೆಯ ಬಾಯಿಂದ ಮದ್ದು ಸುರಿದು, ಗೋಲಿಯಂಥ ಸೀಸದ ಗುಂಡು ಇಳಿಸಿ, ಗಜದಿಂದ ಜಡಿಯಬೇಕು. ಪಕ್ಕದಲ್ಲಿರುವ ಪುಟ್ಟ ಬಟ್ಟಲಿಗೆ ಚಿಟಿಕೆ ನುಣುಪು ಮದ್ದು ಹಾಕಬೇಕು. ಟ್ರಿಗರ್ ಎಳೆದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಬಟ್ಟಲಿಗೆ ಬೀಳುತ್ತೆ. ಆ ಬೆಂಕಿ ಸೂಜಿಯಂಥ ತೂತಿನಿಂದ ಒಳಗೆ ಹೋಗಿ ಮದ್ದಿಗೆ ತಗುಲಿದರೆ ಢಂ! ಕಲ್ಲು ಸವೆದಿದ್ದರೆ? ಮದ್ದು ಥಂಡಿ ಹಿಡಿದಿದ್ದರೆ? ತೂತು ಕಟ್ಟಿದ್ದರೆ? ಬಟ್ಟಲಲ್ಲಿ ಬುಸ್ಸೆಂದು ಬೆಳಕು, ಅಷ್ಟೇ. ಗುಂಡು ಒಳಗೇ ಕೂತಿರುತ್ತೆ.

ಅದಕ್ಕೇ 1777ರಲ್ಲಿ ಐರ್ಲೆಂಡಿನ ಕ್ಲಾನ್‌ಮೆಲ್ ಎಂಬಲ್ಲಿ ಹಿರಿಯರೆಲ್ಲ ಸೇರಿ ದ್ವಂದ್ವದ ಕಟ್ಟಳೆಗಳನ್ನು ಬರೆದಾಗ ಅದರಲ್ಲೊಂದು ಮಾತು ಸೇರಿಸಿದರು: ಪಿಸ್ತೂಲು ಠುಸ್ ಅಂದರೂ ಅದು ಒಂದು ಹೊಡೆತವೇ. ನಿನ್ನ ಸರದಿ ಮುಗೀತು, ಸುಮ್ಮನೆ ನಿಂತು ಎದುರಾಳಿಯ ಗುಂಡಿಗೆ ಎದೆ ಕೊಡು!

ಈ ನಿಯಮದ ಭೀಕರತೆ ನೋಡಬೇಕೆಂದರೆ ಸ್ಟಾನ್ಲಿ ಕುಬ್ರಿಕ್ 1975ರಲ್ಲಿ ತೆಗೆದ 'ಬ್ಯಾರಿ ಲಿಂಡನ್' ನೋಡಿ. ನಾನು ವಿಡಿಯೋ ಕ್ಯಾಸೆಟ್ಟಿನಲ್ಲಿ ನೋಡಿದೆ, ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಲಮಗನಿಗೂ ಬ್ಯಾರಿಗೂ ದ್ವಂದ್ವ. ಹುಡುಗನದು ಮೊದಲ ಸರದಿ. ಪಿಸ್ತೂಲು ಸಿದ್ಧ ಮಾಡುವಾಗಲೇ ಅದು ನೆಲಕ್ಕೆ ಹಾರಿಬಿಡುತ್ತೆ. "ಅದೂ ಲೆಕ್ಕಕ್ಕೆ ಬಂತು" ಅಂತಾರೆ ಜೊತೆಗಿದ್ದವರು. ಹುಡುಗ ಹೆದರಿ, ಗೋಡೆ ಪಕ್ಕ ಹೋಗಿ ವಾಂತಿ ಮಾಡಿಕೊಳ್ತಾನೆ! ಯಾವ ನಾಯಕ ಅಂಥ ಪಾತ್ರ ಮಾಡ್ತಾನೆ ಹೇಳಿ? ಥ್ಯಾಕರೆಯ ಮೂಲ ಕಾದಂಬರಿಯಲ್ಲಿ ಈ ದ್ವಂದ್ವವೇ ಇಲ್ಲ, ಅದು ಕುಬ್ರಿಕ್ ಸೇರಿಸಿದ್ದು. ಅಂದಹಾಗೆ ಆ ಥ್ಯಾಕರೆ ಹುಟ್ಟಿದ್ದು 1811ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ. ನಿಜವಾದ ಠುಸ್ ಪಿಸ್ತೂಲಿನ ಕಥೆ ನಡೆದದ್ದೂ ಅದೇ ಊರಲ್ಲಿ, ಆತ ಹುಟ್ಟುವುದಕ್ಕೆ 31 ವರ್ಷ ಮೊದಲು.

ಕಲ್ಕತ್ತೆಯಲ್ಲಿ ಹದಿನಾಲ್ಕು ಹೆಜ್ಜೆ

1780ರ ಆಗಸ್ಟ್ 17. ಬೆಳಗಿನ ಜಾವ. ಅಲಿಪುರದ ಬೆಲ್ವೆಡೆರ್ ಮಹಲಿನ ಹತ್ತಿರ ಇಬ್ಬರು ನಿಂತಿದ್ದಾರೆ. ಒಬ್ಬ ವಾರನ್ ಹೇಸ್ಟಿಂಗ್ಸ್, ಗವರ್ನರ್ ಜನರಲ್. ಇನ್ನೊಬ್ಬ ಫಿಲಿಪ್ ಫ್ರಾನ್ಸಿಸ್, ಅವನದೇ ಕೌನ್ಸಿಲಿನ ಸದಸ್ಯ. ಕಂಪನಿ ಸರ್ಕಾರದ ದೊಡ್ಡ ತಲೆಗಳು! ಆರು ವರ್ಷದಿಂದ ಹಾವು ಮುಂಗುಸಿ. ಮರಾಠರ ಮೇಲಿನ ಯುದ್ಧಕ್ಕೆ ಅಡ್ಡ ಬರೋದಿಲ್ಲ ಅಂತ ಮಾತು ಕೊಟ್ಟು ಫ್ರಾನ್ಸಿಸ್ ತಪ್ಪಿದ ಅನ್ನೋದು ಹೇಸ್ಟಿಂಗ್ಸನ ಸಿಟ್ಟು. ಈ ಮನುಷ್ಯನಲ್ಲಿ ಸತ್ಯವೂ ಇಲ್ಲ, ಮಾನವೂ ಇಲ್ಲ ಅಂತ ಸರ್ಕಾರಿ ಕಾಗದದಲ್ಲೇ ಬರೆದು ಕೊಟ್ಟುಬಿಟ್ಟ. ಇನ್ನೇನು ಬೇಕು?

ತಮಾಷೆ ಏನಪ್ಪಾ ಅಂದರೆ, ಇಬ್ಬರಿಗೂ ದ್ವಂದ್ವದ ಪದ್ಧತಿಯೇ ಗೊತ್ತಿಲ್ಲ. ಎಷ್ಟು ದೂರ ನಿಲ್ಲಬೇಕು? ಹಿಂದಿನ ವರ್ಷ ಲಂಡನ್ನಿನಲ್ಲಿ ಫಾಕ್ಸ್ ಎಂಬ ರಾಜಕಾರಣಿ ಇನ್ನೊಬ್ಬನ ಜೊತೆ 14 ಹೆಜ್ಜೆಯಲ್ಲಿ ಹೊಡೆದಾಡಿದ್ದನಂತೆ, ಇಲ್ಲೂ ಅಷ್ಟೇ ಇರಲಿ ಅಂತ ತೀರ್ಮಾನವಾಯಿತು. ಅಷ್ಟು ದೂರ ಯಾಕೆ ಅಂತ ಹೇಸ್ಟಿಂಗ್ಸ್ ಗೊಣಗಿದ.

ಸರಿ, ಪಿಸ್ತೂಲು ಎತ್ತಿದರು. ಫ್ರಾನ್ಸಿಸ್ ಟ್ರಿಗರ್ ಎಳೆದ. ಠುಸ್! ಕಲ್ಕತ್ತೆಯ ಆಗಸ್ಟ್ ತಿಂಗಳು ನೋಡಿ, ಮದ್ದು ಥಂಡಿ ಹಿಡಿದಿತ್ತು. ಐರಿಷ್ ಕಟ್ಟಳೆಯಂತೆ ಫ್ರಾನ್ಸಿಸನ ಸರದಿ ಅಲ್ಲಿಗೆ ಮುಗಿಯಬೇಕು. ಆದರೆ ಹೇಸ್ಟಿಂಗ್ಸ್ ಏನು ಮಾಡಿದ ಗೊತ್ತೇ? ಎತ್ತಿದ ಕೈ ಇಳಿಸಿ, "ಸರಿ ಮಾಡ್ಕೊಳ್ಳಿ" ಅನ್ನುವಂತೆ ಕಾದು ನಿಂತ. ಫ್ರಾನ್ಸಿಸನ ಕಡೆಯವರ ಹತ್ತಿರ ಬೇರೆ ಮದ್ದೂ ಇರಲಿಲ್ಲ. ಕೊಟ್ಟವರು ಯಾರು? ಹೇಸ್ಟಿಂಗ್ಸನ ಜೊತೆಗಾರ ಕರ್ನಲ್ ಪಿಯರ್ಸ್! ತನ್ನ ಸ್ನೇಹಿತನನ್ನು ಕೊಲ್ಲಬಹುದಾದ ಮದ್ದನ್ನು ತಾನೇ ಎತ್ತಿಕೊಟ್ಟ. ನಮ್ಮ ಕಥೆಗಾರರು ಇಂಥ ದೃಶ್ಯ ಬರೆದರೆ ನಿರ್ಮಾಪಕರು ನಂಬೋದಿಲ್ಲ.

ಮತ್ತೆ ನಿಂತರು. ಫ್ರಾನ್ಸಿಸ್ ಹೊಡೆದ, ಗುರಿ ತಪ್ಪಿತು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು. ಹೇಸ್ಟಿಂಗ್ಸ್ ಹೊಡೆದ. ಗುಂಡು ಬಲಪಕ್ಕೆಗೆ ಬಡಿಯಿತು, ಫ್ರಾನ್ಸಿಸ್ ತಾನು ಸತ್ತೆ ಎಂದು ಕೂಗಿ ಕುಸಿದ. ಹೊಡೆದವನೇ ಓಡಿಬಂದ. ಪುಣ್ಯಕ್ಕೆ ಗಾಯ ಪ್ರಾಣ ತೆಗೆಯಲಿಲ್ಲ. ಡಿಸೆಂಬರಿನಲ್ಲಿ ಫ್ರಾನ್ಸಿಸ್ ಹಡಗು ಹತ್ತಿದ. ಇಂಗ್ಲೆಂಡಿಗೆ ಹೋಗಿ ಸುಮ್ಮನೆ ಕೂತನೇ? ಎಡ್ಮಂಡ್ ಬರ್ಕನ ಬೆನ್ನಿಗೆ ನಿಂತು ಹೇಸ್ಟಿಂಗ್ಸನ ಮೇಲೆ ಪಾರ್ಲಿಮೆಂಟಿನಲ್ಲಿ ವಿಚಾರಣೆ ನಡೆಯುವಂತೆ ಮಾಡಿದ. 1788ರಿಂದ 1795ರವರೆಗೆ, ಏಳು ವರ್ಷ! ಹೇಸ್ಟಿಂಗ್ಸ್ ಖುಲಾಸೆಯಾದ, ಕೈ ಮಾತ್ರ ಬರಿದಾಗಿತ್ತು.

ಇಲ್ಲಿ ನಮ್ಮವರ ಪಾಲೂ ಒಂದಿದೆ. ಆ ಇಬ್ಬರು ಮಹಾಶಯರು ಹೆಜ್ಜೆ ಅಳೆಯುತ್ತಿದ್ದ ಹೊತ್ತಿಗೆ ನಮ್ಮ ಹೈದರಾಲಿ ಏನು ಮಾಡ್ತಿದ್ದ? ಜುಲೈ ತಿಂಗಳಲ್ಲೇ ಭಾರೀ ಸೈನ್ಯದೊಂದಿಗೆ ಘಟ್ಟ ಇಳಿದು ಆರ್ಕಾಟಿನ ಸೀಮೆಗೆ ನುಗ್ಗಿದ್ದ! ಆ ಸುದ್ದಿ ಕಲ್ಕತ್ತೆ ಮುಟ್ಟಿದ್ದು ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೈಲಿಯ ಪಡೆಯನ್ನು ಮಣ್ಣುಮುಕ್ಕಿಸಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕೂತ ಬೈಲಿಯನ್ನೂ ಸಿಡಿಯುತ್ತಿರುವ ಮದ್ದಿನ ಬಂಡಿಯನ್ನೂ ನೀವೇ ನೋಡಿರಬೇಕು. ಸಾವಿರಾರು ಜನ ಸತ್ತ ಆ ಯುದ್ಧಕ್ಕೆ ಕಲ್ಕತ್ತೆಯಲ್ಲಿ ಸ್ಮಾರಕವಿದೆಯೋ ಇಲ್ಲವೋ, ಇಬ್ಬರ ಜಗಳಕ್ಕೆ ಮಾತ್ರ ರಸ್ತೆ ಇದೆ. ಅಲಿಪುರದ ಹವಾಮಾನ ಕಚೇರಿ ಇರೋದು 'ಡ್ಯುಯೆಲ್ ಅವೆನ್ಯೂ'ನಲ್ಲೇ! ಬೆಲ್ವೆಡೆರ್ ಆವರಣದಲ್ಲಿ ಈಗ ರಾಷ್ಟ್ರೀಯ ಗ್ರಂಥಾಲಯವಿದೆ.

1799ರ ಶ್ರೀರಂಗಪಟ್ಟಣದ ಕೊನೆಯ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೂ ಈ ಹುಚ್ಚಿಗೆ ಬಿದ್ದವನೇ. 1829ರಲ್ಲಿ, ಇಂಗ್ಲೆಂಡಿನ ಪ್ರಧಾನಿಯಾಗಿದ್ದಾಗಲೇ, ವಿಂಚಿಲ್ಸೀ ಎಂಬ ಪ್ರಭುವಿನ ಎದುರು ಪಿಸ್ತೂಲು ಹಿಡಿದು ನಿಂತ. ಗುಂಡು ಯಾರಿಗೂ ತಗುಲಲಿಲ್ಲ. ವಿಂಚಿಲ್ಸೀ ಆಕಾಶಕ್ಕೆ ಹೊಡೆದು ಕ್ಷಮೆ ಕೇಳಿದ.

ಷಡ್ಡಕರ ಜಗಳ

ಈ ಠುಸ್ ಪಿಸ್ತೂಲಿಗೆ ಮದ್ದು ಅರೆದವನು ಒಬ್ಬ ಪಾದ್ರಿ! ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫಾರ್ಸೈತ್. ಅವನಿಗೆ ಬಾತುಕೋಳಿ ಬೇಟೆಯ ಚಟ. ಚಕಮಕಿಯ ಬೆಳಕು ಕಂಡೊಡನೆ, ಗುಂಡು ಹೊರಡುವ ಮೊದಲೇ ಹಕ್ಕಿಗಳು ಹಾರಿಹೋಗುತ್ತಿದ್ದವು. ಬಡಿದರೆ ಸಿಡಿಯುವ ರಾಸಾಯನಿಕ ಬಳಸಿ 1807ರಲ್ಲಿ ಪೇಟೆಂಟ್ ಪಡೆದ. ಮುಂದೆ ಅದೇ ತಾಮ್ರದ ಪುಟ್ಟ ಟೋಪಿಯಾಗಿ ಬಂತು. ಅದೇ ನಮ್ಮ ಮಲೆನಾಡಿನವರ ಕೇಪಿನ ಕೋವಿ. ದೀಪಾವಳಿಗೆ ಮಕ್ಕಳು ಚಟಪಟ ಅನ್ನಿಸುವ ಕೇಪೂ ಅದರ ದಾಯಾದಿಯೇ. ಮಳೆಗೂ ಗಾಳಿಗೂ ಅಷ್ಟಾಗಿ ಜಗ್ಗದ ಪಿಸ್ತೂಲು ಬಂತು. ದೇವರು ಅಡ್ಡ ಬಂದು ಉಳಿಸುವ ಅವಕಾಶ ಕಡಿಮೆಯಾಯಿತು.

1837ರ ಫೆಬ್ರವರಿ 8ರಂದು ರಷ್ಯಾದ ಮಹಾಕವಿ ಪುಷ್ಕಿನ್ ದಾಂತೆಸ್ ಎಂಬ ಫ್ರೆಂಚ್ ಅಧಿಕಾರಿಯ ಎದುರು ಹಿಮದಲ್ಲಿ ನಿಂತ. ದಾಂತೆಸ್ ಪುಷ್ಕಿನನ ಹೆಂಡತಿಯ ಹಿಂದೆ ಬಿದ್ದಿದ್ದಾನೆಂದು ಊರೆಲ್ಲ ಗುಸುಗುಸು. ಹಾಗಿದ್ದೂ ಆತ ಮದುವೆಯಾದದ್ದು ಆಕೆಯ ಅಕ್ಕನನ್ನು. ಅಂದರೆ ಇಬ್ಬರೂ ಷಡ್ಡಕರು! ಮೊದಲ ಗುಂಡಿಗೇ ಪುಷ್ಕಿನನ ಹೊಟ್ಟೆಗೆ ಪೆಟ್ಟಾಯಿತು. ಬಿದ್ದಾಗ ಅವನ ಪಿಸ್ತೂಲಿನ ನಳಿಗೆಗೆ ಹಿಮ ತುಂಬಿತು. ಬೇರೆ ಪಿಸ್ತೂಲು ಕೊಟ್ಟರು. ಮಲಗಿದ್ದಲ್ಲಿಂದಲೇ ಹೊಡೆದು ಎದುರಾಳಿಯ ಕೈಗೆ ಗಾಯ ಮಾಡಿದ. ಎರಡು ದಿನ ನರಳಿ ತೀರಿಕೊಂಡ. 37 ವರ್ಷ. ಸಾಲ ತೀರಿಸಿ ಹೆಂಡತಿ ಮಕ್ಕಳಿಗೆ ಪೆನ್ಷನ್ ಕೊಟ್ಟವನು ಚಕ್ರವರ್ತಿ ನಿಕೊಲಸ್.

ಇಂಗ್ಲೆಂಡಿನಲ್ಲಿ ಇನ್ನೊಂದು ಷಡ್ಡಕರ ಜಗಳ. 1843ರ ಜುಲೈ 1, ಲಂಡನ್ನಿನ ಕ್ಯಾಮ್ಡೆನ್ ಬಡಾವಣೆ. ಲೆಫ್ಟಿನೆಂಟ್ ಕರ್ನಲ್ ಫಾಸೆಟ್, ಲೆಫ್ಟಿನೆಂಟ್ ಮನ್ರೋ. ಅಕ್ಕತಂಗಿಯರ ಗಂಡಂದಿರು. ಚೀನಾ ಯುದ್ಧಕ್ಕೆ ಹೋಗಿ ಬಂದ ಫಾಸೆಟನ ಆಸ್ತಿ ಲೆಕ್ಕದಲ್ಲಿ ಮಾತಿಗೆ ಮಾತು ಬೆಳೆಯಿತು. ಗುಂಡು ತಪ್ಪಲಿಲ್ಲ. ಫಾಸೆಟ್ ಎರಡು ದಿನಕ್ಕೆ ಸತ್ತ. ಮನ್ರೋ ಊರು ಬಿಟ್ಟ. ದ್ವಂದ್ವದಲ್ಲಿ ಸತ್ತವನೆಂದು ವಿಧವೆಗೆ ಪೆನ್ಷನ್ ಇಲ್ಲ ಅಂದಿತು ಸರ್ಕಾರ. ಇಂಗ್ಲೆಂಡಿನ ಜನ ಈ ಕಥೆಗೆ ಬೆಚ್ಚಿಬಿದ್ದರು. ಮರುವರ್ಷವೇ ಸೈನ್ಯದ ಕಾನೂನು ತಿದ್ದಿ, ಕ್ಷಮೆ ಕೇಳೋದೂ ಮರ್ಯಾದಸ್ಥರ ಲಕ್ಷಣವೇ ಅಂತ ಬರೆದರು. ಅಲ್ಲಿಂದಾಚೆಗೆ ಇಂಗ್ಲೆಂಡಿನಲ್ಲಿ ಈ ಹುಚ್ಚು ಇಳಿಯಿತು.

ಪಿಸ್ತೂಲಿನ ಠುಸ್ ಮಾತ್ರ ಇಳಿಯಲಿಲ್ಲ. 1993ರ ಮಾರ್ಚ್ 31ರಂದು, ಅಮೆರಿಕದಲ್ಲಿ 'ದಿ ಕ್ರೋ' ಚಿತ್ರದ ಸೆಟ್ಟಿನಲ್ಲಿ ಬ್ರೂಸ್ ಲೀ ಮಗ ಬ್ರಾಂಡನ್ ಲೀ ಸತ್ತದ್ದು ಹೇಗೆ? ಮೊದಲೊಮ್ಮೆ ಅರೆಬರೆ ಸಿಡಿದು ಗುಂಡಿನ ತುದಿ ನಳಿಗೆಯೊಳಗೇ ಸಿಕ್ಕಿಕೊಂಡಿತ್ತು. ಯಾರೂ ನೋಡಲಿಲ್ಲ. ಆಮೇಲೆ ಹಾಕಿದ ಖಾಲಿ ತೋಟಾ ಅದನ್ನು ಹೊರಕ್ಕೆ ನೂಕಿತು. ಆ ಹುಡುಗನಿಗೆ ಬರೀ 28.

ಈ ಬ್ರಾಂಡನ್ ಲೀ ವಿಷಯವನ್ನು ನನಗೆ ಮೊದಲು ಹೇಳಿದ್ದೇ ನಮ್ಮ ಆ ಹಳೇ ಫೈಟರ್. ಹೆಸರು ಬೇಡ ಅಂದಿದ್ದಾರೆ. ಅವತ್ತು ಎಲ್ಲರೂ ನಕ್ಕಾದ ಮೇಲೆ ಅದೇ ದೃಶ್ಯದ ಮೂರನೇ ಟೇಕ್ ನಡೆಯಿತು. ಈ ಸಲ ಪಿಸ್ತೂಲು ಠುಸ್ ಅನ್ನಲಿಲ್ಲ, ಆತನ ಎಡಗಿವಿಯ ಪಕ್ಕದಲ್ಲೇ ಸಿಡಿಯಿತು. ಆ ಕಿವಿ ಇವತ್ತಿಗೂ ಕೇಳೋದಿಲ್ಲ. ಆ ದಿನದ ಬಾಟಾ ಕೊಟ್ಟರಂತೆ, ಆಟೋದಲ್ಲಿ ಕೂರಿಸಿದರಂತೆ. ಆಮೇಲೆ ಯಾರೂ ತಿರುಗಿ ನೋಡಲಿಲ್ಲ.

ಹೋದ ತಿಂಗಳು ಅವರ ಮನೆಗೆ ಹೋಗಿ, ಬಲಗಿವಿಯ ಕಡೆ ಕೂತು, ಈ ಕಥೆಗಳನ್ನೆಲ್ಲ ಹೇಳಿದೆ. ಹೇಸ್ಟಿಂಗ್ಸ್ ಕೈ ಇಳಿಸಿ ಕಾದದ್ದಕ್ಕೆ "ಶಭಾಷ್" ಅಂದರು. ಫಾಸೆಟನ ಕಥೆ ಬಂದಾಗ ಕಾಫಿ ಲೋಟ ಕೆಳಗಿಟ್ಟರು.

"ಆ ಯಮ್ಮಂಗೆ ಕೊನೆಗೂ ದುಡ್ಡು ಕೊಟ್ರಾ ಸಾರ್?"

"ಇಲ್ಲ ಮಾಸ್ಟರ್."

"ಹೊಡೆದೋನಿಗೆ?"

"ನಾಲ್ಕು ವರ್ಷ ಬಿಟ್ಟು, 1847ರಲ್ಲಿ ವಾಪಸ್ ಬಂದ. ಗಲ್ಲು ಅಂದ್ರು. ಆಮೇಲೆ ಜೈಲಿಗೆ ಇಳಿಸಿದ್ರು."

ಮಾಸ್ಟರ್ ಏನೂ ಮಾತಾಡಲಿಲ್ಲ. ಒಳಗಿಂದ ಅವರ ಹೆಂಡತಿ ಏನೋ ಕೂಗಿ ಕೇಳಿದರು. ಅವರಿಗೆ ಕೇಳಿಸಲಿಲ್ಲ. ನಾನೇ ತಿರುಗಿ, "ಕಾಫಿ ಸಾಕಮ್ಮಾ" ಅಂದೆ.