ಬಿಸಿಲೆಂದು ಮೊಲಕ್ಕೆ ಸ್ನಾನ ಮಾಡಿಸಬೇಡಿ

ಅಮೃತಾಪುರ, ತರೀಕೆರೆ ಕಡೆ ಏಪ್ರಿಲ್ ಬಂತೆಂದರೆ ತಗಡಿನ ಶೀಟಿನ ಕೆಳಗೆ ನಿಲ್ಲುವುದೇ ಕಷ್ಟ. ಮಕ್ಕಳು ಪ್ರೀತಿಯಿಂದ ಸಾಕಿದ ಮೊಲದ ಗೂಡು ಅಲ್ಲೇ ಇದ್ದರೆ? ಮೊಲ ನಮ್ಮಂತೆ ಬೆವರುವುದಿಲ್ಲ. ಅದರ ಮೈಬಿಸಿ ಹೆಚ್ಚಾಗಿ ಕಿವಿಗಳ ಮೂಲಕ ಹೊರಹೋಗುತ್ತದೆ. ಗೂಡಿನ ಬಿಸಿ 30 ಡಿಗ್ರಿ ದಾಟಿದರೆ ಅದಕ್ಕೆ ಅಪಾಯ.

ಹಾಗೆಂದು ಬಕೆಟ್ ನೀರಿಗೆ ಇಳಿಸಬೇಡಿ. ಸ್ನಾನದ ಗಾಬರಿಗೇ ಮೊಲ ಸಾಯಬಹುದು. ದಟ್ಟ ತುಪ್ಪಳ ಬೇಗ ಒಣಗುವುದೂ ಇಲ್ಲ. ಗೂಡನ್ನು ನೆರಳಿರುವ, ಗಾಳಿಯಾಡುವ ಕಡೆಗೆ ಸರಿಸಿ. ಒಂದು ಪಕ್ಕಕ್ಕೆ ಒದ್ದೆ ಗೋಣಿಚೀಲ ಇಳಿಬಿಡಿ. ಫ್ರಿಜ್ಜಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಳಗಿಡಿ. ಕುಡಿಯುವ ನೀರು ಸದಾ ಇರಲಿ.

ಮೂತ್ರ, ಹಿಕ್ಕೆಯನ್ನು ದಿನವೂ ತೆಗೆಯಿರಿ. ಬಾಲದ ಕೆಳಭಾಗವನ್ನು ದಿನಕ್ಕೆರಡು ಬಾರಿ ನೋಡಿ. ಕೊಳೆ ಅಂಟಿದ್ದರೆ ಅಲ್ಲಿ ನೊಣ ಮೊಟ್ಟೆಯಿಡುತ್ತದೆ; ಒಂದೇ ದಿನದಲ್ಲಿ ಹುಳುಗಳಾಗಿ ಮಾಂಸ ತಿನ್ನತೊಡಗುತ್ತವೆ. ಕೊಳೆಯಾದಷ್ಟು ಜಾಗವನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಹುಳು ಕಂಡರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಮೊಲ ಏದುಸಿರು ಬಿಡುತ್ತಾ ಸುಸ್ತಾಗಿ ಬಿದ್ದಿದ್ದರೂ ಅಷ್ಟೇ. ಹೊರಡುವ ಮುನ್ನ ಕಿವಿಗಳಿಗೆ ತಣ್ಣೀರು ಸವರಿ, ಐಸ್ ಬೇಡ.

ಗೂಡು ಮುಟ್ಟಿದ ಮಕ್ಕಳು ಸೋಪು ಹಚ್ಚಿ ಕೈ ತೊಳೆಯಲಿ. ಸೆಕೆಯಾಗುತ್ತಿದೆ ಎಂದು ಬಾಯಿಲ್ಲದ ಜೀವ ಹೇಳಲಾರದು. ನಾವೇ ನೋಡಿ ತಿಳಿಯಬೇಕು.