ಕಾಣದ ಕಲ್ಲಿನ ಜಾಡು

ನಾನು ಎಂ.ಎ. ವಿದ್ಯಾರ್ಥಿಯಾಗಿದ್ದಾಗ ಗುರುಗಳೊಬ್ಬರು ಒಂದು ಓಲೆಗರಿಯನ್ನು ಪ್ರತಿಮಾಡಲು ಕೊಟ್ಟರು. ಅದರಲ್ಲಿನ ಕಂದಪದ್ಯವೊಂದರ ಕೊನೆಯ ಸಾಲಿನ ಮೊದಲ ಪದವನ್ನು ಹುಳು ತಿಂದಿತ್ತು. ಉಳಿದ ಮೂರು ಸಾಲುಗಳ ಎರಡನೆಯ ಅಕ್ಷರ ರಕಾರ. ಆದ್ದರಿಂದ ಕಳೆದುಹೋದ ಪದದಲ್ಲಿಯೂ ಅದೇ ಇರಬೇಕೆಂದು ಪ್ರಾಸವು ಹೇಳುತ್ತಿತ್ತು. ಎಷ್ಟು ಮಾತ್ರೆ ಬೇಕೆಂಬುದನ್ನು ಛಂದಸ್ಸು ಹೇಳುತ್ತಿತ್ತು. ನಾನು ಅರ್ಥಕ್ಕೊಪ್ಪುವ ಪದವೊಂದನ್ನು ಹೊಂದಿಸಿ, ಹಿಗ್ಗಿನಿಂದ ಶುದ್ಧಪ್ರತಿಯಲ್ಲಿ ಬರೆದುಬಿಟ್ಟೆ.

ಖನಿಜಶಾಸ್ತ್ರಜ್ಞರೂ ಹೆಚ್ಚುಕಡಿಮೆ ಇಂಥದೇ ಕೆಲಸ ಮಾಡುತ್ತಾರೆಂಬುದು ನಿವೃತ್ತನಾದ ಮೇಲೆ ನನಗೆ ತಿಳಿಯಿತು. ಖನಿಜಗಳು ಭೂಮಿಯಲ್ಲಿ ಮನಬಂದಂತೆ ಚೆಲ್ಲಿಕೊಂಡಿಲ್ಲ. ಒಂದೇ ಬಗೆಯ ಶಾಖ, ಒತ್ತಡ, ದ್ರವಗಳಲ್ಲಿ ಹುಟ್ಟಿದವು ಒಟ್ಟಿಗೆ ಸಿಕ್ಕುತ್ತವೆ. ಒಂದು ಅಳಿದು ಇನ್ನೊಂದು ಹುಟ್ಟುವುದೂ ಉಂಟು. ಸೀಸ ಗಂಧಕಗಳು ಕೂಡಿದ ಗೆಲೀನಾ ಎಂಬ ಅದಿರು ಗಾಳಿ ಮಳೆಗಳಿಗೆ ಮೈಯೊಡ್ಡಿದರೆ ಕ್ರಮೇಣ ಸೆರುಸೈಟ್ ಎಂಬ ಬೇರೊಂದು ಖನಿಜವಾಗುತ್ತದೆ. ಒಂದನ್ನು ಕಂಡವನು ಇನ್ನೊಂದನ್ನು ಅರಸುವುದು ಸಹಜ. ಈ ಸಾಹಚರ್ಯವನ್ನು ಕುರಿತು ಜರ್ಮನಿಯ ಬ್ರೈಟ್‌ಹಾಪ್ಟ್ 1849ರಲ್ಲಿಯೇ ಒಂದು ಗ್ರಂಥವನ್ನು ಬರೆದಿದ್ದನು.

ಕೆನಡಾದ ಉತ್ತರದಲ್ಲಿ ಫಿಪ್ಕಿ ಮತ್ತು ಬ್ಲಸನ್ ಎಂಬಿಬ್ಬರು ವಜ್ರಕ್ಕಾಗಿ ಹೊರಟರು. ಆದರೆ ಅರಸಿದ್ದು ವಜ್ರವನ್ನಲ್ಲ, ಅದರ ಸಂಗಾತಿಗಳಾದ ಗಾರ್ನೆಟ್ ಮೊದಲಾದ ಸಣ್ಣ ಕಾಳುಗಳನ್ನು. ಹಿಂದೆ ಹಿಮನದಿಗಳು ಅವನ್ನು ಬಹುದೂರ ಒಯ್ದು ಚೆಲ್ಲಿದ್ದವು. ಹಿಮ ಹರಿದುಬಂದ ದಾರಿಯಲ್ಲಿ ಹಿಮ್ಮುಖವಾಗಿ ವರ್ಷಗಟ್ಟಲೆ ಜಾಡು ಹಿಡಿದು ನಡೆದ ಅವರಿಗೆ 1991ರಲ್ಲಿ ಲಾಕ್ ದ ಗ್ರಾ ಸರೋವರದ ಬಳಿ ವಜ್ರಗರ್ಭಿತ ಶಿಲೆ ದೊರೆಯಿತು. 1998ರಲ್ಲಿ ಅಲ್ಲಿ ಎಕಾಟಿ ಗಣಿ ಆರಂಭವಾಯಿತು.

ನಾಲ್ಕಾರು ಸಂಗಾತಿಗಳ ಲೆಕ್ಕವನ್ನು ಮನುಷ್ಯ ನೆನಪಿನಲ್ಲಿಟ್ಟುಕೊಳ್ಳಬಲ್ಲ, ಸಾವಿರಾರರದನ್ನು ಇಟ್ಟುಕೊಳ್ಳಲಾರ. ಶಾನಾ ಮಾರಿಸನ್, ಅನಿರುದ್ಧ ಪ್ರಭು, ರಾಬರ್ಟ್ ಹೇಜನ್ ಮೊದಲಾದವರು ಆ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿ, 2023ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಲೆ ಅಡಿಕೆ ಕೊಂಡವನು ಸುಣ್ಣವನ್ನೂ ಕೇಳಿಯಾನೆಂದು ಅಂಗಡಿಯವನು ಬಲ್ಲನಷ್ಟೆ? ಈ ಲೆಕ್ಕದ ತಿರುಳೂ ಅದೇ. ಜಗತ್ತಿನ ಸುಮಾರು 2,95,000 ಸ್ಥಳಗಳಲ್ಲಿ ದೊರೆತ 5,400ಕ್ಕೂ ಹೆಚ್ಚು ಖನಿಜಗಳ ಪಟ್ಟಿಯನ್ನು ಯಂತ್ರದ ಮುಂದಿಟ್ಟು, ಯಾವುದರೊಡನೆ ಯಾವುದು ಪದೇ ಪದೇ ಬರುತ್ತದೆಂದು ಕೇಳಿದರು. ಮಂಗಳಗ್ರಹದ ನೆಲವನ್ನು ಹೋಲುವ ಕ್ಯಾಲಿಫೋರ್ನಿಯದ ಟೆಕೋಪ ಕಣಿವೆಯಲ್ಲಿ ಇನ್ನೂ ಏನೇನಿರಬಹುದೆಂದು ಊಹಿಸಿದರು; ಯುರೇನಿಯಂ, ಲಿಥಿಯಂ ಖನಿಜಗಳು ದೊರೆಯಬಹುದಾದ ಹೊಸ ತಾಣಗಳನ್ನೂ ಗುರುತಿಸಿದರು.

ಆದರೆ ಪಟ್ಟಿಯಲ್ಲಿಲ್ಲದ್ದು ನೆಲದಲ್ಲಿಯೂ ಇಲ್ಲವೆಂದು ಹೇಳಲಾಗದು. ಹೊಳೆಯುವ ಕಲ್ಲನ್ನೂ ಬೆಲೆಬಾಳುವ ಅದಿರನ್ನೂ ಎಲ್ಲರೂ ಬರೆದಿಡುತ್ತಾರೆ. ಬಣ್ಣಗೆಟ್ಟ ಪುಡಿಯನ್ನು ಗಮನಿಸುವವರು ವಿರಳ. ಯಂತ್ರಕ್ಕೆ ಕಾಣುವುದು ಭೂಮಿಯಲ್ಲ, ಮನುಷ್ಯ ಬರೆದಿಟ್ಟ ಭೂಮಿ. ಆ ವಿದ್ವಾಂಸರೂ ಈ ಓರೆಯನ್ನು ತಮ್ಮ ಲೇಖನದಲ್ಲಿ ಚರ್ಚಿಸಿದ್ದಾರೆ. ಅಷ್ಟಕ್ಕೇ ನಿಲ್ಲದೆ, ತಮ್ಮ ಕೆಲವು ಊಹೆಗಳನ್ನು ನೆಲದ ಮೇಲೆಯೇ ಪರೀಕ್ಷಿಸಿ, ಅವು ನಿಜವೆಂದು ಕಂಡುಕೊಂಡಿದ್ದಾರೆ. ಅವರ ಬಗೆಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿ.

ಏಕೆಂದರೆ ನಾನು ಹಾಗೆ ಮಾಡಿರಲಿಲ್ಲ. ಕೆಲವು ತಿಂಗಳ ಮೇಲೆ ಅದೇ ಕಾವ್ಯದ ಇನ್ನೊಂದು ಪ್ರತಿ ದೊರೆಯಿತು. ಪ್ರಾಸಾಕ್ಷರ ರಕಾರವೇ ಆಗಿತ್ತು, ಮಾತ್ರೆಗಳೂ ಸರಿಯಾಗಿದ್ದವು. ಪದ ಮಾತ್ರ ನನ್ನದಾಗಿರಲಿಲ್ಲ. ಗುರುಗಳು ಗದರಿಸಲಿಲ್ಲ. "ಊಹಿಸಿದ್ದು ತಪ್ಪಲ್ಲಪ್ಪ, ಕಂಸ ಹಾಕದೆ ಬರೆದದ್ದು ತಪ್ಪು" ಎಂದರು. ನಾನು ಆ ಪುಟವನ್ನು ಮತ್ತೆ ಬರೆದೆ.