ಕಾವಿನ ಹದವರಿತ ಕೆಂಪು ಚಟ್ನಿ

ಬಾಣಲೆಯಲ್ಲಿ ಮೆಣಸಿನಕಾಯಿ ಹುರಿಯತೊಡಗಿತೆಂದರೆ ಮನೆಮಂದಿಗೆಲ್ಲ ಕೆಮ್ಮು. ಆ ಘಾಟಿಗೆ ಅಂಜಿ, ಉರಿ ಹೆಚ್ಚಿಸಿ, ಕೆಲಸವನ್ನು ಬೇಗನೆ ಮುಗಿಸುವ ಗೃಹಿಣಿಯರುಂಟು. ಕೆಂಪು ಚಟ್ನಿ ಕೆಡುವುದು ಈ ಅವಸರದಿಂದಲೇ.

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾರನ್ನಿನಲ್ಲಿ ಎಲೆಯನ್ನು ಹದಗೊಳಿಸುವಾಗ ಕಾವನ್ನು ಹಂತಹಂತವಾಗಿ ಏರಿಸದಿದ್ದರೆ ಬಣ್ಣ ಕೆಟ್ಟು ಬೆಲೆ ಕುಸಿಯುತ್ತದೆ. ಅಡಿಗೆಮನೆಯ ಒಲೆಗೂ ಅದೇ ನ್ಯಾಯ. ಕಾವೇರಿಯ ನೀರುಂಡ ಕೃಷ್ಣರಾಜನಗರದ ಅಕ್ಕಿಯ ರೊಟ್ಟಿಯಾಗಲಿ, ಹೆಗ್ಗಡದೇವನಕೋಟೆಯ ಕಡೆಯ ರಾಗಿರೊಟ್ಟಿಯಾಗಲಿ, ಮೈಸೂರು ಮಸಾಲೆದೋಸೆಯಾಗಲಿ, ಸವರಿದ ಚಟ್ನಿ ಕಹಿಯಾದರೆ ಮಿಕ್ಕ ಶ್ರಮವೆಲ್ಲ ವ್ಯರ್ಥ.

ಮೆಣಸಿನಕಾಯಿ ಈ ನಾಡಿಗೆ ಅತಿಥಿಯಾಗಿ ಬಂದುದು. ಅಮೆರಿಕ ಖಂಡದ ಈ ಗಿಡವನ್ನು 16ನೆಯ ಶತಮಾನದಲ್ಲಿ ಪೋರ್ತುಗೀಸರು ಪಶ್ಚಿಮ ಕರಾವಳಿಗೆ ತಂದರು. ಕನ್ನಡಿಗರು ತಮ್ಮ ಹಳೆಯ ಮೆಣಸಿನ ಹೆಸರನ್ನೇ ಅದಕ್ಕಿತ್ತು ಮನೆಗೆ ಸೇರಿಸಿಕೊಂಡರು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಸುಕ್ಕುಸಿಪ್ಪೆಯ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನ ಕಾಯಿಗೆ ಖಾರವೇ ಮುಂದು. ಎರಡೂ ಕೂಡಿದರೆ ಚಟ್ನಿಗೆ ಸೊಗಸು.

ಹತ್ತು ಬ್ಯಾಡಗಿ, ಎರಡು ಗುಂಟೂರು ಕಾಯಿಗಳ ತೊಟ್ಟು ತೆಗೆದು, ಒಂದು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯಬೇಕು. ಕಾಯಿ ಉಬ್ಬಿ, ಗರಿಗರಿಯಾಗಿ, ಪರಿಮಳ ಬಂದೊಡನೆ ಇಳಿಸಬೇಕು. ಕಪ್ಪಾಯಿತೆಂದರೆ ಕಹಿ ಹುಟ್ಟಿತೆಂದೇ ತಿಳಿಯಬೇಕು. ಇವನ್ನು ಬಿಸಿನೀರಿನಲ್ಲಿ 20 ನಿಮಿಷ ನೆನೆಯಲು ಬಿಟ್ಟು, ಅದೇ ಬಾಣಲೆಯಲ್ಲಿ ಎಂಟು ಎಸಳು ಬೆಳ್ಳುಳ್ಳಿಯನ್ನೂ ಒಂದು ಈರುಳ್ಳಿಯನ್ನೂ ಬಾಡಿಸಿಕೊಳ್ಳಬೇಕು. ಎರಡು ಚಮಚ ಹುರಿಗಡಲೆ, ನೆಲ್ಲಿಕಾಯಿ ಗಾತ್ರದ ಹುಣಿಸೆಹಣ್ಣು, ಉಪ್ಪು, ಚೂರು ಬೆಲ್ಲ ಸೇರಿಸಿ ಎಲ್ಲವನ್ನೂ ನುಣ್ಣಗೆ ಅರೆದರೆ ಚಟ್ನಿ ಸಿದ್ಧ. ನೀರು ಮಿತವಾಗಿರಲಿ, ಸವರಿದ ಚಟ್ನಿ ಹರಿಯಬಾರದು.

ಮಕ್ಕಳಿರುವ ಮನೆಯಲ್ಲಿ ಗುಂಟೂರು ಕಾಯಿಯನ್ನು ಕೈಬಿಡಬಹುದು. ಖಾರದ ನೆಲೆ ಬೀಜವೆಂಬುದು ವಾಡಿಕೆಯ ಮಾತು; ನಿಜವಾಗಿ ಅದು ಬೀಜಗಳನ್ನು ಹಿಡಿದಿರುವ ಬಿಳಿಯ ತಿರುಳಿನಲ್ಲಿದೆ. ಕೆಂಪು ದೊಣ್ಣೆಮೆಣಸಿನಕಾಯಿಯನ್ನು ಉರಿಯ ಮೇಲೆ ಸುಟ್ಟು, ಪಾತ್ರೆಯಲ್ಲಿ ಮುಚ್ಚಿಟ್ಟು, ಸಿಪ್ಪೆ ಸುಲಿದು ಅರೆಯುವಾಗ ಸೇರಿಸಿದರೆ ಚಟ್ನಿ ಇನ್ನೂ ಮೃದುವಾಗುತ್ತದೆ. ಸರ್ಬಿಯಾ, ಉತ್ತರ ಮ್ಯಾಸಿಡೋನಿಯಗಳ ಕುಟುಂಬಗಳು ಶರತ್ಕಾಲದಲ್ಲಿ ಹೀಗೆಯೇ ರಾಶಿ ಮೆಣಸಿನಕಾಯಿ ಸುಟ್ಟು 'ಐವರ್' ಎಂಬ ಸವರುವ ವ್ಯಂಜನವನ್ನು ಚಳಿಗಾಲಕ್ಕೆ ಕೂಡಿಡುತ್ತವೆ. ಹಾಗಿದ್ದೂ ನಾಲಗೆ ಉರಿದರೆ ನೀರು ಕುಡಿಸಿ ಫಲವಿಲ್ಲ. ಖಾರದ ಅಂಶ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ರೊಟ್ಟಿಯ ಮೇಲೆ ಬೆಣ್ಣೆಯಿಡುವ ಹಿರಿಯರ ಪದ್ಧತಿಯಲ್ಲಿ ಜಾಣ್ಮೆಯಿತ್ತು.

ಕಣ್ಸೆಳೆಯುವ ಕೆಂಪೆಲ್ಲ ಮೆಣಸಿನಕಾಯಿಯದಲ್ಲ. ಭಾರತದಿಂದ ಹೋಗಿದ್ದ ಮೆಣಸಿನಪುಡಿಯ ಪದಾರ್ಥಗಳಲ್ಲಿ 2003ರಲ್ಲಿ ಸುಡಾನ್ ಎಂಬ ಕೃತಕ ಬಣ್ಣ ಫ್ರಾನ್ಸಿನಲ್ಲಿ ಪತ್ತೆಯಾಗಲು, ಯೂರೋಪಿನ ಒಕ್ಕೂಟ ಆಮದಿಗೆ ಪರೀಕ್ಷೆಯ ಕಟ್ಟುಪಾಡು ವಿಧಿಸಬೇಕಾಯಿತು. ಇಡಿಯ ಕಾಯಿಯನ್ನು ಕಣ್ಣಾರೆ ಆರಿಸಿ ಹುರಿದ ಮನೆಯಲ್ಲಿ ಆ ಶಂಕೆಗೆ ಎಡೆಯಿಲ್ಲ.

ತೇವದ ಚಮಚ ತಾಗಿಸದೆ ತಂಪುಪೆಟ್ಟಿಗೆಯಲ್ಲಿಟ್ಟರೆ ಚಟ್ನಿ ಮೂರು ನಾಲ್ಕು ದಿನ ಬಾಳುತ್ತದೆ. ಆದರೆ ಕಾದ ಹೆಂಚಿನಿಂದ ಈಗತಾನೆ ಎತ್ತಿದ ರೊಟ್ಟಿಯ ಮುಂದೆ ಅಷ್ಟು ದಿನ ಉಳಿದರೆ ತಾನೆ!